ಅಗಬನ ಮಾತು ಕೇಳಿದ ಸಭೆ ಏನು ಮಾಡಿತು? ಮಳೆಗಾಲಕ್ಕೆ ಮುಂಚೆ ಒಂದು ಪಾಠ

ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 11:26-30
(ತೊಕ್ಕೊಟ್ಟಿನಲ್ಲಿ ನಡೆದ ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ)

  

ಹೊರಗೆ ಎಂಥಾ ಸೆಕೆ ಅಲ್ವಾ? ಫ್ಯಾನ್ ಕೆಳಗೆ ಕೂತರೂ ಬೆವರು. ಇಂಥ ದಿನ ಮಳೆಯ ಬಗ್ಗೆ ಸಂದೇಶ ಯಾಕೆ ಅಂತ ಕೆಲವರು ಯೋಚಿಸ್ತಿರಬಹುದು. ನಮ್ಮ ಊರಿಗೆ ಮಳೆಗಾಲ ಬರಲಿಕ್ಕೆ ಇನ್ನು ಹೆಚ್ಚು ಕಡಿಮೆ ಆರು ವಾರ ಉಂಟು. ಮಳೆ ಶುರುವಾದ ಮೇಲೆ ಈ ಪಾಠ ಕೊಟ್ಟು ಪ್ರಯೋಜನ ಇಲ್ಲ. ಆದ್ದರಿಂದ ಈವತ್ತೇ ಮಾತಾಡುತ್ತೇನೆ.

ಸತ್ಯವೇದ ತೆರೆಯಿರಿ. ಮೊಬೈಲ್‌ನಲ್ಲಿ ಓದುವವರು ವಾಟ್ಸಾಪ್ ಮುಚ್ಚಿ ಓದಿ. ಅಪೊಸ್ತಲರ ಕೃತ್ಯಗಳು 11ನೇ ಅಧ್ಯಾಯ, 26ನೇ ವಚನದಿಂದ 30ರ ತನಕ.

26ನೇ ವಚನ ನಮಗೆಲ್ಲ ಗೊತ್ತಿರುವುದೇ. ಯೇಸುವಿನ ಶಿಷ್ಯರಿಗೆ ಕ್ರೈಸ್ತರು ಎಂಬ ಹೆಸರು ಮೊದಲು ಬಂದದ್ದು ಅಂತಿಯೋಕ್ಯದಲ್ಲಿ. ಸಂಡೇ ಸ್ಕೂಲ್ ಕ್ವಿಜ್‌ನಲ್ಲಿ ಪ್ರತಿ ವರ್ಷ ಬರುವ ಪ್ರಶ್ನೆ. ಆದರೆ ಆ ಹೆಸರು ಬಂದ ಕೂಡಲೇ ಅವರು ಏನು ಮಾಡಿದರು ಅಂತ ಕ್ವಿಜ್‌ನಲ್ಲಿ ಯಾರೂ ಕೇಳುವುದಿಲ್ಲ. 27ನೇ ವಚನದಿಂದ ಓದಿ. ಯೆರೂಸಲೇಮಿನಿಂದ ಕೆಲವು ಪ್ರವಾದಿಗಳು ಬರುತ್ತಾರೆ. ಅವರಲ್ಲಿ ಅಗಬ ಎಂಬವನು ಎದ್ದು ನಿಂತು, ದೊಡ್ಡ ಕ್ಷಾಮ ಬರುತ್ತದೆ ಎಂದು ಪವಿತ್ರಾತ್ಮನ ಪ್ರೇರಣೆಯಿಂದ ತಿಳಿಸುತ್ತಾನೆ. ಕ್ಲೌದ್ಯ ಚಕ್ರವರ್ತಿಯ ಕಾಲದಲ್ಲಿ ಅದು ಬಂತು ಎಂದು ಲೂಕನು ಬರೆಯುತ್ತಾನೆ. ಆಗ ಶಿಷ್ಯರು ಒಬ್ಬೊಬ್ಬರೂ ತಮ್ಮ ಕೈಲಾದಷ್ಟು ಕೂಡಿಸಿ ಯೂದಾಯದ ಸಹೋದರರಿಗೆ ಕಳಿಸಲು ತೀರ್ಮಾನ ಮಾಡುತ್ತಾರೆ. ಹಣವನ್ನು ಬಾರ್ನಬ ಮತ್ತು ಸೌಲರ ಕೈಯಲ್ಲಿ ಅಲ್ಲಿನ ಸಭೆಯ ಹಿರಿಯರಿಗೆ ತಲುಪಿಸುತ್ತಾರೆ. ಅಷ್ಟೇ. ನಾಲ್ಕು ವಚನ.

ಇದು ಬರೀ ಕಥೆಯಲ್ಲ. ಕ್ಲೌದ್ಯನು ಕ್ರಿ.ಶ. 41ರಿಂದ 54ರ ತನಕ ಆಳಿದ ಚಕ್ರವರ್ತಿ. ಆ ಕಾಲದಲ್ಲಿ ಯೆರೂಸಲೇಮಿನಲ್ಲಿ ಜನ ಹಸಿವಿನಿಂದ ಸತ್ತದ್ದನ್ನು ಯೆಹೂದ್ಯ ಇತಿಹಾಸಕಾರ ಯೋಸೇಫಸನೂ ಬರೆದಿದ್ದಾನೆ. ಹೆಲೆನಾ ಎಂಬ ರಾಣಿ ಈಜಿಪ್ಟಿನಿಂದ ಧಾನ್ಯ, ಸೈಪ್ರಸ್‌ನಿಂದ ಅಂಜೂರ ತರಿಸಿ ಹಂಚಿದಳಂತೆ. ಅವಳು ರಾಣಿ, ಹಡಗು ಕಳಿಸಿದಳು. ಅಂತಿಯೋಕ್ಯದ ಸಭೆಯಲ್ಲಿ ರಾಜ ರಾಣಿ ಯಾರೂ ಇರಲಿಲ್ಲ. ನಮ್ಮ ಹಾಗೆ ಬಾಡಿಗೆ ಮನೆಯವರು, ಕೆಲಸಕ್ಕೆ ಹೋಗುವವರು.

ಈಗ ಒಂದು ವಿಷಯ ಗಮನಿಸಿ. ನಾವು ಪೆಂತೆಕೋಸ್ತಿನವರು. ಪ್ರವಾದನೆ ಅಂದರೆ ನಮಗೆ ಇಷ್ಟ. ಯಾರಾದರೂ ಎದ್ದು ನಿಂತು "ಕರ್ತನು ಹೀಗೆ ಹೇಳುತ್ತಾನೆ" ಅಂದರೆ ನಾವು ಕೈ ಎತ್ತಿ ಸ್ತೋತ್ರ ಮಾಡ್ತೇವೆ, ವಿಡಿಯೋ ಮಾಡ್ತೇವೆ, ಶೇರ್ ಮಾಡ್ತೇವೆ. ಅಂತಿಯೋಕ್ಯದವರು ಪ್ರವಾದನೆ ಕೇಳಿ ಒಂದು ಪಟ್ಟಿ ಮಾಡಿದರು. ಯಾರು ಎಷ್ಟು ಕೊಡುವುದು, ಯಾರಿಗೆ ಕೊಡುವುದು, ಯಾರ ಕೈಯಲ್ಲಿ ಕಳಿಸುವುದು. ಮುಂದೆ ಬರುವ ಕಷ್ಟಕ್ಕೆ ಇವತ್ತೇ ತಯಾರಿ. ಪವಿತ್ರಾತ್ಮನು ಮುಂಚೆ ತಿಳಿಸಿದ್ದೇ ಅದಕ್ಕೆ. ಈ ಪಾಠದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಆತ್ಮಭರಿತ ಸಭೆ ವಿಪತ್ತಿಗೆ ಮುಂಚೆಯೇ ತಯಾರಾಗುತ್ತದೆ, ತನ್ನ ಪಕ್ಕದ ಮನೆಯಿಂದ ತಯಾರಾಗುತ್ತದೆ.

ನಾವು ತಪ್ಪಿದ್ದು ಎಲ್ಲಿ

ಬೇರೆಯವರ ತಪ್ಪು ಹೇಳುವುದು ಸುಲಭ. ನಮ್ಮದೇ ಹೇಳುತ್ತೇನೆ.

2018ರ ಆಗಸ್ಟ್. ಕೊಡಗಿನಲ್ಲಿ ಗುಡ್ಡಗಳು ಜರಿದವು. ಮಕ್ಕಂದೂರು, ಮದೆನಾಡು, ಜೋಡುಪಾಲ, ಈ ಹೆಸರುಗಳನ್ನೆಲ್ಲ ನಾವು ಟಿವಿಯಲ್ಲಿ ಕೇಳ್ತಿದ್ದೆವು. ಸಂಪಾಜೆಯಿಂದ ಮಡಿಕೇರಿಗೆ ಹೋಗುವ ಹೆದ್ದಾರಿ ಬಂದ್. ಈಚೆ ಬದಿಗೆ ಇಳಿದು ಬಂದ ಜನರಿಗೆ ಸಂಪಾಜೆ, ಕಲ್ಲುಗುಂಡಿ, ಅರಂತೋಡು ಕಡೆ ಶಿಬಿರ ತೆರೆದಿದ್ದರು. ನಮ್ಮ ಸಭೆಯಲ್ಲಿ ಭಾನುವಾರ ಪ್ರಕಟಣೆ ಕೊಟ್ಟೆವು. ಮಂಗಳವಾರಕ್ಕೆ ಒಂದು ಟೆಂಪೋ ತುಂಬಿತು. ಏನು ತುಂಬಿತು? ಹಳೇ ಬಟ್ಟೆ. ಸೀರೆ, ಪ್ಯಾಂಟು, ಯಾರದೋ ಮದುವೆಯ ಕೋಟು. ಎದುರಿಗೆ ಸಭೆಯ ಹೆಸರಿನ ಬ್ಯಾನರ್ ಕಟ್ಟಿ ಹೊರಟೆವು.

ಅಲ್ಲಿ ತಲುಪಿದಾಗ ಶಾಲೆಯ ಒಂದು ಕೋಣೆ ಪೂರ್ತಿ ಬಟ್ಟೆಯ ರಾಶಿ. ಒಬ್ಬ ಸ್ವಯಂಸೇವಕ ನಮ್ಮನ್ನು ನೋಡಿ ಬಹಳ ಮರ್ಯಾದೆಯಲ್ಲಿ ಹೇಳಿದ, "ಪಾಸ್ಟ್ರೇ, ಬಟ್ಟೆ ಸಾಕು. ಒಳಉಡುಪು ಉಂಟಾ? ಸ್ಯಾನಿಟರಿ ಪ್ಯಾಡ್ ಉಂಟಾ? ಟಾರ್ಚ್ ಉಂಟಾ?" ನಮ್ಮಲ್ಲಿ ಯಾವುದೂ ಇರಲಿಲ್ಲ. ಆದರೂ ಇಳಿಸಿದೆವು, ವಾಪಸ್ ತರಲು ನಾಚಿಕೆ. ಬ್ಯಾನರ್ ಹಿಡಿದು ಫೋಟೋ ತೆಗೆದೆವು. ಫೋಟೋದಲ್ಲಿ ನಮ್ಮ ಹಿಂದೆ ಒಬ್ಬ ಅಜ್ಜಿ ಕೂತಿದ್ದರು. ಅವರು ಕ್ಯಾಮೆರಾ ನೋಡ್ತಿರಲಿಲ್ಲ, ನೆಲ ನೋಡ್ತಿದ್ದರು. ಆ ಫೋಟೋ ನನ್ನಲ್ಲಿ ಇನ್ನೂ ಉಂಟು. ಆಗಾಗ ತೆಗೆದು ನೋಡ್ತೇನೆ.

ಇದು ನಮ್ಮ ಒಂದು ಸಭೆಯ ತಪ್ಪು ಮಾತ್ರ ಅಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯ ರಸ್ತೆ ಬದಿಗಳಲ್ಲಿ ದಾನದ ಹಳೇ ಬಟ್ಟೆ ರಾಶಿ ರಾಶಿ ಬಿದ್ದಿತ್ತು. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ನಮಗೆ ಬೇಡದ್ದನ್ನು ಕೊಟ್ಟು ಅವರಿಗೆ ಬೇಕಾದ್ದು ಏನು ಅಂತ ಕೇಳದೆ ಇದ್ದರೆ, ಆ ರಾಶಿ ವಿಂಗಡಿಸುವ ಕೆಲಸವೂ ನೊಂದವರ ತಲೆಗೇ ಬೀಳುತ್ತದೆ.

ಇನ್ನೊಂದು ತಪ್ಪು 2021ರದ್ದು. ಮೇ 15ರ ಹೊತ್ತಿಗೆ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಕೊರೊನಾ ಬೇರೆ ಇತ್ತು. ನಾವು ಝೂಮ್‌ನಲ್ಲಿ ರಾತ್ರಿ ಪ್ರಾರ್ಥನೆ ಮಾಡಿದೆವು. ಗಾಳಿ ಉತ್ತರಕ್ಕೆ ಹೋಯಿತು. ಮಾರನೇ ದಿನ ನಾನೇ ಸಾಕ್ಷಿ ಹೇಳಿದೆ, "ಕರ್ತನು ನಮ್ಮ ಊರಿಂದ ಬಿರುಗಾಳಿಯನ್ನು ತಿರುಗಿಸಿದನು" ಅಂತ. ಆಮೆನ್‌ಗಳು ತುಂಬಾ ಬಂದವು. 17ನೇ ತಾರೀಕು ರಾತ್ರಿ ಅದೇ ಬಿರುಗಾಳಿ ಗುಜರಾತಿಗೆ ಅಪ್ಪಳಿಸಿತು. ಗುಜರಾತಿನವರು ಯಾರ ಮಕ್ಕಳು? ಅಷ್ಟು ದೂರ ಯಾಕೆ, ಇಲ್ಲೇ ಉಳ್ಳಾಲ, ಸೋಮೇಶ್ವರ, ಉಚ್ಚಿಲದ ತೀರದಲ್ಲಿ ಕಡಲು ಮನೆಯ ಅಂಗಳಕ್ಕೆ ಬಂದಿತ್ತು. ನಾನು ಸಾಕ್ಷಿ ಹೇಳ್ತಿರುವಾಗ ನಮ್ಮಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಜನ ಸಾಮಾನು ಹೊರಗೆ ಸಾಗಿಸ್ತಿದ್ದರು. ಪ್ರಾರ್ಥನೆ ತಪ್ಪಲ್ಲ, ಪ್ರಾರ್ಥನೆ ಬೇಕು. ಆದರೆ ಪ್ರಾರ್ಥನೆ ಮುಗಿಸಿ ಬಾಗಿಲು ತೆರೆದು ಹೊರಗೆ ನೋಡದೆ ಇದ್ದದ್ದು ತಪ್ಪು.

ಮೂರನೆಯದು ನನ್ನನ್ನು ಹೆಚ್ಚು ಚುಚ್ಚಿದ್ದು. 2024ರ ಜೂನ್ 26, ಬುಧವಾರ. ಕುತ್ತಾರು ಮದನಿನಗರದಲ್ಲಿ ಮಳೆಗೆ ಪಕ್ಕದ ಜಾಗದ ಕಂಪೌಂಡ್ ಗೋಡೆ ಕುಸಿದು ಒಂದು ಮನೆಯ ಮೇಲೆ ಬಿತ್ತು. ಅಪ್ಪ, ಅಮ್ಮ, ಇಬ್ಬರು ಹೆಣ್ಣು ಮಕ್ಕಳು, ನಾಲ್ಕೂ ಜನ ಹೋದರು. ತೊಕ್ಕೊಟ್ಟು ಜಂಕ್ಷನ್‌ನಿಂದ ಅಲ್ಲಿಗೆ ಬೈಕಲ್ಲಿ ಹತ್ತು ನಿಮಿಷ. ಮರುವರ್ಷ 2025ರ ಮೇ 30, ಶುಕ್ರವಾರ. ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಮನೆ ಕುಸಿದು ಒಬ್ಬ ಅಜ್ಜಿ ಮತ್ತು ಇಬ್ಬರು ಪುಟ್ಟ ಮೊಮ್ಮಕ್ಕಳು ಸತ್ತರು. ಅದೇ ದಿನ ದೇರಳಕಟ್ಟೆ ಹತ್ತಿರದ ಕಾನಕೆರೆಯಲ್ಲಿ ಒಂದು ಬಾಲಕಿ.

ನಾವು ಸುಮಾರು ನೂರು ಕಿಲೋಮೀಟರ್ ದೂರದ ಸಂಪಾಜೆ ಕಡೆಗೆ ಬಟ್ಟೆ ತೆಗೆದುಕೊಂಡು ಹೋಗಿದ್ದೆವು. ಹತ್ತು ನಿಮಿಷದ ದೂರದಲ್ಲಿ ಯಾವ ಮನೆ ಯಾವ ಗೋಡೆಯ ಕೆಳಗೆ ಉಂಟು ಅಂತ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ತಪ್ಪಿಸಬಹುದಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಗೊತ್ತೇ ಇರಲಿಲ್ಲ. ದೇವರ ಮುಂದೆ ನನಗೆ ಅದು ಭಾರ.

ಯಾರ ಪಾಪ ಅಂತ ಕೇಳಬೇಡಿ

ಇಂಥ ಸಾವು ಆದಾಗ ಕೆಲವು ವಿಶ್ವಾಸಿಗಳು ಕೂಡಲೇ ಮೆಸೇಜ್ ಫಾರ್ವರ್ಡ್ ಮಾಡುತ್ತಾರೆ, ಇದು ದೇವರ ನ್ಯಾಯತೀರ್ಪು ಅಂತ. ದಯವಿಟ್ಟು ನಿಲ್ಲಿಸಿ. ಲೂಕ 13ರಲ್ಲಿ ಸಿಲೊವಾಮಿನ ಬುರುಜು ಬಿದ್ದು 18 ಜನ ಸತ್ತ ಸುದ್ದಿಯನ್ನು ಯೇಸುವೇ ಎತ್ತುತ್ತಾನೆ. ಅವರು ಉಳಿದವರಿಗಿಂತ ದೊಡ್ಡ ಪಾಪಿಗಳು ಅಂತ ತಿಳಿದುಕೊಳ್ಳಬೇಡಿ ಅಂತ ಸ್ಪಷ್ಟವಾಗಿ ಹೇಳುತ್ತಾನೆ. ಸತ್ತವರ ಲೆಕ್ಕ ನೋಡುವ ಬದಲು ನೀವು ತಿರುಗಿಕೊಳ್ಳಿ ಅನ್ನುತ್ತಾನೆ.

ನಮ್ಮ ಊರಿನ ಬುರುಜುಗಳು ಬೀಳುವುದಕ್ಕೆ ಕಾರಣ ಕಣ್ಣಿಗೆ ಕಾಣುವಂಥದ್ದು. ಇಲ್ಲಿ ಮೇಲೆ ಮುರಕಲ್ಲು, ಎಷ್ಟೋ ಕಡೆ ಅದರ ಕೆಳಗೆ ಮೆದುವಾದ ಶೇಡಿ ಮಣ್ಣು. ಸೈಟ್ ಮಾಡಲು ಗುಡ್ಡವನ್ನು ನೆಟ್ಟಗೆ ಕತ್ತರಿಸುತ್ತಾರೆ. ಮೇಲಿನವರು ಅಂಚಿಗೆ ಎತ್ತರದ ಗೋಡೆ ಕಟ್ಟುತ್ತಾರೆ. ನೀರು ಹೊರಗೆ ಬರಲು ತೂತು ಬಿಡದಿದ್ದರೆ ಮಳೆನೀರು ಗೋಡೆಯ ಹಿಂದೆ ತುಂಬಿ ಒತ್ತುತ್ತದೆ. ಒಂದು ದಿನ ಗೋಡೆ ಕೆಳಗಿನ ಮನೆಯ ಮೇಲೆ ಬರುತ್ತದೆ. ಕೆಳಗೆ ಇರುವವರು ಹೆಚ್ಚಾಗಿ ಬಡವರು. ಇದರಲ್ಲಿ ದೇವರನ್ನು ಯಾಕೆ ಎಳೆಯುವುದು? ನಮ್ಮಲ್ಲೇ ಯಾರಾದರೂ ಮನೆ ಕಟ್ಟುವವರಿದ್ದರೆ, ನಿಮ್ಮ ಗೋಡೆ ಯಾರ ತಲೆಯ ಮೇಲೆ ಉಂಟು ಅಂತ ಮೊದಲು ನೋಡಿ. ಪಶ್ಚಾತ್ತಾಪ ಅಲ್ಲಿಂದಲೂ ಶುರುವಾಗಬಹುದು.

ಈಗ ಏನು ಮಾಡುವುದು

ಅಂತಿಯೋಕ್ಯದವರ ಪಟ್ಟಿಯನ್ನು ನಮ್ಮ ಊರಿಗೆ ತರೋಣ. ಬರೆದುಕೊಳ್ಳಿ.

ಒಂದು. ಎಚ್ಚರಿಕೆ ಕೇಳುವವರು ಬೇಕು.
ನಮ್ಮ ಕಾಲದಲ್ಲಿ ಮಳೆಯ ಮುನ್ಸೂಚನೆಯನ್ನು ಹವಾಮಾನ ಇಲಾಖೆ ದಿನಾಲೂ ಕೊಡುತ್ತದೆ. ಬಣ್ಣದ ಅರ್ಥ ತಿಳಿದಿರಲಿ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಭಾರೀ ಮಳೆ, ಸಾಮಾನ್ಯವಾಗಿ ಹಳದಿ. 204.4ರ ತನಕ ಅತಿ ಭಾರೀ, ಕಿತ್ತಳೆ. ಅದಕ್ಕಿಂತ ಮೇಲೆ ಕೆಂಪು. ರೆಡ್ ಅಲರ್ಟ್ ಅಂದರೆ ನಿಮಗೆ ಕಾಲೇಜಿಗೆ ರಜೆ, ಸ್ಟೇಟಸ್ ಹಾಕುವ ದಿನ. ಗುಡ್ಡದ ಕೆಳಗಿನ ಮನೆಯವರಿಗೆ ಅದು ಬೇರೆ ಕಡೆ ಮಲಗಬೇಕಾದ ರಾತ್ರಿ. ಪ್ರತಿ ಸಂಜೆ ಮುನ್ಸೂಚನೆ ನೋಡಿ ಗ್ರೂಪ್‌ಗೆ ಹಾಕುವ ಜವಾಬ್ದಾರಿ ಇಬ್ಬರಿಗೆ ಕೊಡುತ್ತೇನೆ. ಇಲಾಖೆಯದ್ದು ಮಾತ್ರ ಹಾಕಬೇಕು. ಯಾರೋ ಕಳಿಸಿದ ಆಡಿಯೋ ಹಾಕಬಾರದು.

ಎರಡು. ಇಬ್ಬಿಬ್ಬರಾಗಿ ನಡೆದು ನೋಡಿ.
ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದ. ನೀವೂ ನಿಮ್ಮ ನಿಮ್ಮ ಬೀದಿಯಲ್ಲಿ ಹಾಗೆ ಹೋಗಿ. ನೆಹೆಮೀಯ 3ರಲ್ಲಿ ಎಷ್ಟೋ ಜನ ತಮ್ಮ ಮನೆಯ ಎದುರಿನ ಗೋಡೆಯ ಭಾಗವನ್ನೇ ಸರಿಮಾಡಿದರು. ಯಾವ ಮನೆಯ ಹಿಂದೆ ಕತ್ತರಿಸಿದ ಗುಡ್ಡ ಉಂಟು, ಯಾವ ಗೋಡೆ ವಾಲಿದೆ, ಯಾವ ಮನೆಯಲ್ಲಿ ಹಾಸಿಗೆ ಹಿಡಿದವರು, ಬಸುರಿ, ಡಯಾಲಿಸಿಸ್‌ಗೆ ಹೋಗುವವರು, ಒಂಟಿ ವೃದ್ಧರು ಇದ್ದಾರೆ, ತಿಳಿದಿರಲಿ. ಬಾಡಿಗೆ ಕೋಣೆಗಳಲ್ಲಿ ಹೊರರಾಜ್ಯದ ಕೆಲಸಗಾರರು ಇರುತ್ತಾರೆ, ಅವರಿಗೆ ಯಾರೂ ಫೋನ್ ಮಾಡುವುದಿಲ್ಲ. ಯಾರ ಭಾಷೆ ಯಾವುದು ಅಂತಲೂ ಬರೆಯಿರಿ. ಇಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲ ಉಂಟು. ರಾತ್ರಿ ಎರಡು ಗಂಟೆಗೆ ಹೆದರಿದವರಿಗೆ ಅವರ ಭಾಷೆಯಲ್ಲೇ ಮಾತಾಡಬೇಕು.

ನೆಲದಲ್ಲಿ ಹೊಸ ಬಿರುಕು, ಓರೆಯಾದ ಮರ, ಗುಡ್ಡದ ಬುಡದಿಂದ ಇದ್ದಕ್ಕಿದ್ದಂತೆ ಕೆಸರು ನೀರು, ಹಾಕಲು ಬರದ ಬಾಗಿಲು, ಇವು ಗುಡ್ಡ ಜರಿಯುವ ಮುಂಚಿನ ಲಕ್ಷಣಗಳು. ಕಂಡರೆ ಮನೆಯವರಿಗೆ ಹೇಳಿ, ಗ್ರಾಮ ಆಡಳಿತಾಧಿಕಾರಿಗೆ ಮತ್ತು ನಗರಸಭೆಗೆ ಅಥವಾ ಪಂಚಾಯತಿಗೆ ಫೋಟೋ ಸಮೇತ ಬರಹದಲ್ಲಿ ಕೊಡಿ. ಆ ಪಟ್ಟಿ ಜನರ ಖಾಸಗಿ ವಿಷಯ, ಗ್ರೂಪ್‌ನಲ್ಲಿ ಹಾಕುವಂತಿಲ್ಲ.

ಮೂರು. ಏಳು ಮಂದಿಯನ್ನು ಆರಿಸಿ.
ಅಪೊಸ್ತಲರ ಕೃತ್ಯಗಳು 6ರಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋದರು. ದೂರು ಬಂತು. ಅಪೊಸ್ತಲರು ಬೈಯಲಿಲ್ಲ. ಏಳು ಮಂದಿಯನ್ನು ನೇಮಿಸಿದರು. ಆ ಏಳು ಹೆಸರು ಓದಿ ನೋಡಿ, ಎಲ್ಲ ಗ್ರೀಕ್ ಹೆಸರುಗಳು. ದೂರು ಕೊಟ್ಟವರ ಕಡೆಯವರಿಗೇ ಜವಾಬ್ದಾರಿ ಸಿಕ್ಕಿದ ಹಾಗೆ ಕಾಣುತ್ತದೆ. ಊಟ ಹಂಚುವ ಕೆಲಸಕ್ಕೂ ಆತ್ಮಭರಿತರೂ ಜ್ಞಾನಿಗಳೂ ಬೇಕು ಅಂತ ಅವರು ತಿಳಿದರು. ನಮ್ಮಲ್ಲೂ ಏಳು ಮಂದಿ: ಎಚ್ಚರಿಕೆಗೆ ಒಬ್ಬರು, ಹಾಲ್‌ಗೆ ಒಬ್ಬರು, ಊಟ ನೀರಿಗೆ ಒಬ್ಬರು, ಆರೋಗ್ಯಕ್ಕೆ ಒಬ್ಬರು, ವಾಹನಕ್ಕೆ ಒಬ್ಬರು, ಲೆಕ್ಕಕ್ಕೆ ಒಬ್ಬರು, ಸರಕಾರಿ ಕಚೇರಿಯ ಕಾಗದಕ್ಕೆ ಒಬ್ಬರು. ಕಡಿಮೆಯೆಂದರೆ ಮೂವರು ಸಹೋದರಿಯರು ಇರಲೇಬೇಕು. ಕಡಲ ತೀರದಿಂದ ಬರುವವರು ಒಬ್ಬರು ಇರಲಿ. ಯಂತ್ರದ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ. ಮನೆಗೆ ಕಡಲು ಬರುವ ಸಮಯದಲ್ಲೇ ಸಂಪಾದನೆಯೂ ಇರುವುದಿಲ್ಲ. ಇದು ತಿಳಿದವರು ತಂಡದಲ್ಲಿ ಬೇಕು.

ದೇರಳಕಟ್ಟೆಯಲ್ಲಿ ನರ್ಸಿಂಗ್ ಓದುವ ಮಕ್ಕಳೇ, ಆರೋಗ್ಯದ ಕೆಲಸ ನಿಮ್ಮದು. ಕೆಸರು ತೆಗೆಯುವವರಿಗೆ ಗಮ್‌ಬೂಟ್, ಗ್ಲೌಸ್ ಹಾಕಿಸಿ, ಇಲಿಜ್ವರದ ಭಯ ಉಂಟು. ಜ್ವರ ಬಂದರೆ ಮೆಡಿಕಲ್ ಅಂಗಡಿ ಮಾತ್ರೆ ಸಾಲದು, ಡಾಕ್ಟರ್ ಹತ್ತಿರ ಕಳಿಸಿ. ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಒಂದು ಕಟ್ಟುನಿಟ್ಟಿನ ಮಾತು. ಜರಿದ ಗುಡ್ಡಕ್ಕೆ ನೀವು ಇಳಿಯಬೇಡಿ. ಒಮ್ಮೆ ಜರಿದದ್ದು ಮತ್ತೆ ಜರಿಯುತ್ತದೆ, ತುಂಡಾದ ಕರೆಂಟ್ ತಂತಿ ನೀರಲ್ಲಿ ಕಾಣುವುದಿಲ್ಲ. 112ಕ್ಕೆ ಕರೆ ಮಾಡಿ, ಜಿಲ್ಲಾ ಕಂಟ್ರೋಲ್ ರೂಮ್ 1077ಕ್ಕೆ ಕರೆ ಮಾಡಿ, ದಾರಿ ಬಿಡಿ. ರಕ್ಷಣೆಯೇ ಮಾಡಬೇಕು ಅಂತ ಕರೆ ಇರುವವರು ಆಪದ ಮಿತ್ರ ತರಬೇತಿಗೆ ಹೆಸರು ಕೊಡಿ. ತರಬೇತಿ ಇಲ್ಲದ ಧೈರ್ಯ ಇನ್ನೊಂದು ತಾಯಿಯನ್ನು ಅಳಿಸುತ್ತದೆ.

ನಾಲ್ಕು. ಹಾಲ್‌ನ ಬಾಗಿಲು.
ನಾವು ಪ್ರತಿ ಶುಕ್ರವಾರ ಉಪವಾಸ ಪ್ರಾರ್ಥನೆ ಮಾಡುವ ಈ ಹಾಲ್‌ನಲ್ಲಿ ನಲವತ್ತು ಜನ ಮಲಗಬಹುದು. ಆದರೆ ಕೀಲಿಕೈ ನನ್ನ ಒಬ್ಬನಲ್ಲೇ ಇದ್ದರೆ ರಾತ್ರಿ ಯಾರಿಗೂ ಪ್ರಯೋಜನ ಇಲ್ಲ. ಇನ್ನು ಮೇಲೆ ಮೂರು ಮನೆಗಳಲ್ಲಿ ಕೀಲಿ. ಟ್ಯಾಂಕ್ ತುಂಬಿರಬೇಕು, ಇನ್ವರ್ಟರ್ ಪರೀಕ್ಷೆ ಆಗಬೇಕು, ಹೆಂಗಸರಿಗೆ ಮಕ್ಕಳಿಗೆ ಬೇರೆ ಕೋಣೆ, ಅಲ್ಲಿ ರಾತ್ರಿ ಇಬ್ಬರು ಸಹೋದರಿಯರ ಕಾವಲು. ಕಾಳಜಿ ಕೇಂದ್ರ ತೆರೆಯುವ ಅಧಿಕಾರ ತಾಲೂಕು ಆಡಳಿತದ್ದು. ನಮ್ಮ ಹಾಲ್ ಲಭ್ಯ ಉಂಟು ಅಂತ ಈಗಲೇ ತಹಶೀಲ್ದಾರರಿಗೆ ಪತ್ರ ಕೊಡೋಣ. ಅಂತಿಯೋಕ್ಯದವರು ಯೂದಾಯದಲ್ಲಿ ತಮ್ಮದೇ ಬೇರೆ ಕೌಂಟರ್ ತೆರೆಯಲಿಲ್ಲ, ಅಲ್ಲಿ ಈಗಾಗಲೇ ಇದ್ದ ಹಿರಿಯರ ಕೈಗೆ ಕೊಟ್ಟರು. ಇಲ್ಲೂ ಹಾಗೆ. ಪಕ್ಕದ ಮಸೀದಿಯವರು, ಭಜನಾ ಮಂದಿರದವರು, ಕಥೋಲಿಕ ಚರ್ಚಿನ ಯುವಕರು ನಮಗಿಂತ ಮುಂಚೆ ತಲುಪಿರುತ್ತಾರೆ. "ನಾವು ಏನು ಮಾಡಬೇಕು ಹೇಳಿ" ಅಂತ ಕೇಳಿ. ಪಾತ್ರೆ ತೊಳೆಯಲು ಹೇಳಿದರೆ ಪಾತ್ರೆ ತೊಳೆಯಿರಿ. ನಾವು ಅಡುಗೆ ಮಾಡುವುದಾದರೆ ಎಲ್ಲರೂ ಉಣ್ಣುವ ಹಾಗೆ ಗಂಜಿ, ಚಟ್ನಿ, ತರಕಾರಿ ಪಲ್ಯ ಸಾಕು.

ಐದು. ಹಣ ಮತ್ತು ಲೆಕ್ಕ.
1 ಕೊರಿಂಥ 16ರಲ್ಲಿ ಪೌಲನು ವಾರದ ಮೊದಲನೇ ದಿನ ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪ ತೆಗೆದಿಡಲು ಹೇಳುತ್ತಾನೆ, ತಾನು ಬಂದ ಮೇಲೆ ಓಡಾಡಿ ಕೂಡಿಸುವುದು ಬೇಡ ಅಂತ. 2 ಕೊರಿಂಥ 8ರಲ್ಲಿ ಹಣ ಸಾಗಿಸಲು ಒಬ್ಬನನ್ನೇ ಕಳಿಸುವುದಿಲ್ಲ. ದೇವರ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಆಕ್ಷೇಪಣೆ ಬರಬಾರದು ಅಂತ ಅವನ ಎಚ್ಚರ. ಆದ್ದರಿಂದ ಪ್ರತ್ಯೇಕ ಪೆಟ್ಟಿಗೆ, ಪ್ರತಿ ಭಾನುವಾರ. ವಿದ್ಯಾರ್ಥಿಗಳು ಇಪ್ಪತ್ತು ರೂಪಾಯಿ ಹಾಕಿದರೂ ಸಾಕು. ಇಬ್ಬರು ಎಣಿಸಬೇಕು. ಯಾರ ಸ್ವಂತ ಗೂಗಲ್ ಪೇ ನಂಬರಿಗೂ ಹಣ ಬರಬಾರದು, ನನ್ನದಕ್ಕೂ ಕೂಡ. ಖರ್ಚು ತಿಂಗಳಿಗೊಮ್ಮೆ ನೋಟಿಸ್ ಬೋರ್ಡ್‌ನಲ್ಲಿ. ದುಬೈ, ಕುವೈತ್‌ನಲ್ಲಿರುವ ನಮ್ಮವರು ಭಾರತದ ಪೌರರಾಗಿದ್ದು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರರು ಕೊಡುವುದಕ್ಕೆ ಎಫ್‌ಸಿಆರ್‌ಎ ನೋಂದಣಿ ಬೇಕು. ಅದಿಲ್ಲದೆ ಒಂದು ರೂಪಾಯಿಯೂ ಬೇಡ.

ಆರು. ಸುದ್ದಿ ನಿಂತ ಮೇಲೂ ಇರಿ.
ಮೊದಲ ಮೂರು ದಿನ ಊಟಕ್ಕೆ ಎಲ್ಲರೂ ಬರುತ್ತಾರೆ. ಮೂರು ವಾರ ಆದ ಮೇಲೆ ಯಾರೂ ಇರುವುದಿಲ್ಲ. ಆಗ ಕೆಸರು ತೆಗೆಯಬೇಕು, ಬಾವಿ ಶುದ್ಧ ಮಾಡಬೇಕು, ಒದ್ದೆಯಾದ ರೇಷನ್ ಕಾರ್ಡ್, ಆಧಾರ್, ಅಂಕಪಟ್ಟಿ ಮತ್ತೆ ಮಾಡಿಸಬೇಕು. ಶಾಲೆ ಶುರುವಾಗುವ ಸಮಯ, ಮಕ್ಕಳಿಗೆ ಪುಸ್ತಕ ಬೇಕು. ಮನೆ ಹಾನಿಯಾದರೆ ಸ್ವಚ್ಛ ಮಾಡುವ ಮುಂಚೆ ಫೋಟೋ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ಅರ್ಜಿ ಕೊಡಬೇಕು. ಜೀವಹಾನಿಗೆ ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ 4 ಲಕ್ಷ ರೂಪಾಯಿ ಸಿಗುತ್ತದೆ, ಆದರೆ ದುಃಖದಲ್ಲಿರುವವರಿಗೆ ಕಚೇರಿಗೆ ಅಲೆಯುವ ಶಕ್ತಿ ಇರುವುದಿಲ್ಲ. ಬಿ.ಕಾಂ ಓದಿದವರೇ, ಫಾರ್ಮ್ ತುಂಬಿಸಲು ನಿಮಗೆ ಬರುತ್ತದೆ ಅಲ್ವಾ? ಅದೇ ನಿಮ್ಮ ವರ. ಮೂರು ತಿಂಗಳ ಬಾಡಿಗೆ ಕೊಡುವುದು ಒಂದು ಟೆಂಪೋ ಬಟ್ಟೆಗಿಂತ ದೊಡ್ಡ ಸಹಾಯ.

ಹಾಗಾದರೆ ಸಾಕ್ಷಿ ಎಲ್ಲಿ?

ಕಳೆದ ವಾರ ನಾಯಕರ ಕೂಟದಲ್ಲಿ ನಾನು ಒಂದು ನಿಯಮ ಹೇಳಿದೆ: ಪರಿಹಾರದ ಕೆಲಸದಲ್ಲಿ ಕರಪತ್ರ ಇಲ್ಲ, ಬ್ಯಾನರ್ ಇಲ್ಲ, ನೊಂದವರ ಫೋಟೋ ಇಲ್ಲ, ಸಭೆಗೆ ಬನ್ನಿ ಅನ್ನುವ ಮಾತಿಲ್ಲ. ಒಬ್ಬ ತಮ್ಮ ಎದ್ದು ಕೇಳಿದ, "ಪಾಸ್ಟರ್, ಹಾಗಾದರೆ ನಮಗೂ ಬೇರೆ ಸಂಘದವರಿಗೂ ಎಂತ ವ್ಯತ್ಯಾಸ? ಸುವಾರ್ತೆ ಹೇಳಲು ನಾಚಿಕೆಯಾ?" ಒಳ್ಳೇ ಪ್ರಶ್ನೆ. ಅವನ ಹೃದಯದಲ್ಲಿ ಬೆಂಕಿ ಉಂಟು, ಅದನ್ನು ನಾನು ಆರಿಸುವುದಿಲ್ಲ.

ಆದರೆ ನಾನು ಅವನಿಗೆ ಹೇಳಿದ್ದು ಇದು. ನಮ್ಮ ಊರಲ್ಲಿ ಪೆಂತೆಕೋಸ್ತಿನವರು ಅಕ್ಕಿ ಚೀಲ ಹಿಡಿದು ಬಂದರೆ ಜನ ಮೊದಲು ಹುಡುಕುವುದು ಅದರ ಜೊತೆ ಏನು ಬಂದಿದೆ ಅಂತ. ಆ ಅನುಮಾನಕ್ಕೆ ನಾವು ಎಷ್ಟು ಕಾರಣ, ಬೇರೆಯವರು ಎಷ್ಟು ಕಾರಣ, ಆ ಲೆಕ್ಕ ಇವತ್ತು ಬೇಡ. ಮನೆ ಬಿದ್ದವನಿಗೆ ಇಲ್ಲ ಅನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಇಲ್ಲ ಅನ್ನಲಾಗದವನ ಹತ್ತಿರ ಹೌದು ಅನ್ನಿಸಿಕೊಳ್ಳುವುದು ಸುವಾರ್ತೆಯಲ್ಲ. ಲೂಕ 10ರ ಸಮಾರ್ಯದವನನ್ನು ನೋಡಿ. ಗಾಯ ಕಟ್ಟಿದ, ತನ್ನ ಕತ್ತೆಯ ಮೇಲೆ ಕೂರಿಸಿದ, ಛತ್ರದವನಿಗೆ ಎರಡು ದಿನದ ಕೂಲಿಯಷ್ಟು ಹಣ ಕೊಟ್ಟ, ಹೆಚ್ಚಾದರೆ ತಾನು ತೀರಿಸುವೆ ಅಂದ. ತನ್ನ ಹೆಸರು ಹೇಳಿದ್ದು ಎಲ್ಲಿಯೂ ಬರೆದಿಲ್ಲ. ಆರಾಧನೆ ಯಾವ ಬೆಟ್ಟದಲ್ಲಿ ಸರಿ ಅಂತ ಗಾಯಗೊಂಡವನ ಹತ್ತಿರ ವಾದ ಮಾಡಲಿಲ್ಲ. ನೆರೆಯವನು ಯಾರು ಅಂತ ತೋರಿಸಲು ಯೇಸು ಆರಿಸಿದ್ದು ಅವನನ್ನು.

ಆಮೇಲೆ, ತಿಂಗಳು ಕಳೆದು, ಅವರ ಮನೆಯಲ್ಲಿ ಅವರೇ ಚಾ ಕೊಟ್ಟು, "ನೀವೆಲ್ಲ ಯಾಕೆ ಇದು ಮಾಡ್ತೀರಿ" ಅಂತ ಕೇಳಿದರೆ ಬಾಯಿ ಮುಚ್ಚಿಕೊಳ್ಳಬೇಡಿ. ನಿಮ್ಮ ನಿರೀಕ್ಷೆಯ ಕಾರಣವನ್ನು ಸೌಮ್ಯವಾಗಿ ಹೇಳಿ. ಕೇಳದೆ ಇದ್ದರೆ? ಚಾ ಕುಡಿದು ಬನ್ನಿ. ಆಗಲೂ ಕರ್ತನು ನೋಡಿದ್ದಾನೆ.

ಸಾವಿನ ಮನೆಯಲ್ಲಿ ಮಾತು ಇನ್ನೂ ಕಡಿಮೆ ಇರಲಿ. ಮಗುವನ್ನು ಕಳಕೊಂಡ ತಾಯಿಗೆ "ದೇವರ ಚಿತ್ತ" ಅಂತ ಹೇಳಬೇಡಿ. ಯೋಬನ ಗೆಳೆಯರು ಏಳು ದಿನ ಏನೂ ಮಾತಾಡದೆ ಅವನ ಜೊತೆ ನೆಲದಲ್ಲಿ ಕೂತರು. ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ, ಬಾಯಿ ತೆರೆದ ಮೇಲೆ ಎಲ್ಲ ಹಾಳಾಯಿತು.

ಕೊನೆಗೆ

ಅಗಬ ಎದ್ದು ನಿಂತಾಗ ಅಂತಿಯೋಕ್ಯದವರಿಗೆ ಇನ್ನೂ ಹಸಿವಾಗಿರಲಿಲ್ಲ. ಅವರ ಅಡುಗೆಮನೆಯಲ್ಲಿ ಧಾನ್ಯ ಇತ್ತು. ನಮಗೂ ಇವತ್ತು ಬರೀ ಸೆಕೆ. ಆಕಾಶದಲ್ಲಿ ಮೋಡ ಇಲ್ಲ. ತಯಾರಾಗುವ ಸಮಯ ಇದೇ.

ಈ ವಾರದ ಕೆಲಸ ಚಿಕ್ಕದು. ನಿಮ್ಮ ಮನೆ ಅಥವಾ ಹಾಸ್ಟೆಲ್‌ನಿಂದ ಐದು ನಿಮಿಷ ನಡೆಯಿರಿ. ನಿಮಗೆ ಹೆಸರು ಗೊತ್ತಿಲ್ಲದ ಒಂದು ಮನೆಯವರ ಪರಿಚಯ ಮಾಡಿಕೊಳ್ಳಿ. ಮಳೆಗೆ ಅವರಿಗೆ ಏನು ಭಯ ಅಂತ ಕೇಳಿ. ಮುಂದಿನ ಭಾನುವಾರ ಬಂದು ಹೇಳಿ. ಏಳು ಮಂದಿಯ ಹೆಸರನ್ನು ಪ್ರಾರ್ಥನೆಯಿಂದ ಆರಿಸೋಣ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ.

ಕರ್ತನೇ, ನಮ್ಮ ಹತ್ತಿರವೇ ಸತ್ತವರ ಹೆಸರು ನಮಗೆ ಗೊತ್ತಿರಲಿಲ್ಲ, ನಿನಗೆ ಗೊತ್ತಿತ್ತು. ನಮ್ಮನ್ನು ಕ್ಷಮಿಸು. ಉಳಿದವರನ್ನು ಆದರಿಸು. ಅಗಬನ ಬಾಯಲ್ಲಿ ಮಾತಾಡಿದ ನಿನ್ನ ಆತ್ಮನು ನಮ್ಮ ಕಾಲುಗಳನ್ನೂ ಕೈಗಳನ್ನೂ ಎಬ್ಬಿಸಲಿ. ಈ ಮಳೆಗಾಲದಲ್ಲಿ ಒಂದು ಮನೆಯಾದರೂ ನಮ್ಮ ಕಾರಣದಿಂದ ಸುರಕ್ಷಿತವಾಗಿ ಮಲಗಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.

ಸೆಲ್ ಗ್ರೂಪ್ ಚರ್ಚೆಗೆ

1. ಅಂತಿಯೋಕ್ಯದವರ ತೀರ್ಮಾನದಲ್ಲಿ ಯಾರು, ಎಷ್ಟು, ಯಾರಿಗೆ, ಯಾರ ಮೂಲಕ ಎಂಬ ನಾಲ್ಕು ವಿಷಯ ಉಂಟು. ನಮ್ಮ ಗ್ರೂಪ್‌ನ ಉತ್ತರ ಏನು?
2. ನಿಮ್ಮ ಬೀದಿಯಲ್ಲಿ ರೆಡ್ ಅಲರ್ಟ್ ರಾತ್ರಿ ಬೇರೆ ಕಡೆ ಮಲಗಬೇಕಾದ ಮನೆ ಯಾವುದು? ಅವರನ್ನು ಯಾರು ಕರೆಯುತ್ತೀರಿ?
3. ಶರತ್ತಿಲ್ಲದೆ ಕೊಡುವುದು ನಿಮಗೆ ಎಲ್ಲಿ ಕಷ್ಟ ಅನಿಸುತ್ತದೆ? ಪ್ರಾಮಾಣಿಕವಾಗಿ ಮಾತಾಡಿ.